ಅಂದಿನ ಮಾತು ಅಂದೇ: ಕುಡಿತ ಬಿಡುತ್ತಿರುವವರಿಗೆ ಪ್ರಾಮಾಣಿಕತೆಯ ಅಭ್ಯಾಸ

ಕುಡಿತ ನಿಂತ ಮೇಲೂ ಬಹುಕಾಲ ಉಳಿದುಕೊಳ್ಳುವುದು ಮರೆಮಾಚುವ ರೂಢಿ. ಎಷ್ಟು ಕುಡಿದೆ, ಎಲ್ಲಿಗೆ ಹೋಗಿದ್ದೆ, ಸಂಬಳದಲ್ಲಿ ಎಷ್ಟು ಖರ್ಚಾಯಿತು, ಯಾರ ಬಳಿ ಕೈಸಾಲ ಮಾಡಿದೆ ಎಂಬ ಪ್ರಶ್ನೆಗಳಿಗೆ ವರ್ಷಗಟ್ಟಲೆ ಸುಳ್ಳು ಉತ್ತರ ಕೊಟ್ಟವರಿಗೆ ಸುಳ್ಳು ಯೋಚಿಸಿ ಹೇಳಬೇಕಾದ ಮಾತಾಗಿರುವುದಿಲ್ಲ. ಕೇಳಿದ ಕೂಡಲೇ ಬಾಯಿಗೆ ಬರುತ್ತದೆ. ಆಸ್ಪತ್ರೆಯಿಂದಲೋ ಮದ್ಯವರ್ಜನ ಶಿಬಿರದಿಂದಲೋ ಮನೆಗೆ ಮರಳಿದವರು ಒಂದು ಹನಿಯೂ ಮುಟ್ಟದ ದಿನದಲ್ಲಿಯೂ ಸಣ್ಣಪುಟ್ಟ ವಿಷಯಗಳಿಗೆ ಸುಳ್ಳಾಡಿ ಮನೆಯವರನ್ನು ಕಂಗೆಡಿಸುವುದು ಇದರಿಂದಲೇ. ಇದನ್ನು ಕೆಟ್ಟತನವೆಂದು ಬಗೆದು ಬೈದರೆ ಪ್ರಯೋಜನವಿಲ್ಲ. ಚಟ ಬದುಕಿ ಉಳಿಯಲು ಸುಳ್ಳು ಬೇಕಾಗಿತ್ತು, ಮತ್ತು ಆ ಏರ್ಪಾಡು ಹಾಗೆಯೇ ಉಳಿದಿದ್ದರೆ ಚಟ ಮರಳಿ ಬಂದು ನೆಲೆಸಲು ಬೇಕಾದ ಜಾಗವೂ ಉಳಿದಿರುತ್ತದೆ. ಆದ್ದರಿಂದ ಪ್ರಾಮಾಣಿಕತೆಯನ್ನು ಚಿಕಿತ್ಸೆಯ ಒಂದು ಭಾಗವೆಂದೇ ತಿಳಿದು, ಮಾತ್ರೆ ತೆಗೆದುಕೊಳ್ಳುವಷ್ಟು ನಿಯಮದಿಂದ ಅಭ್ಯಾಸ ಮಾಡಬೇಕಾಗುತ್ತದೆ.

ಈ ಲೇಖನ ಒತ್ತಿ ಹೇಳುವ ನಿಯಮ ಒಂದೇ: ಆಯಾ ದಿನದ ಸಂಗತಿಯನ್ನು ಆಯಾ ದಿನವೇ ಒಬ್ಬರಿಗೆ ಹೇಳಬೇಕು. ಇಡೀ ಬದುಕಿನ ತಪ್ಪುಗಳನ್ನು ಒಂದೇ ರಾತ್ರಿ ಅಳುತ್ತಾ ಒಪ್ಪಿಕೊಳ್ಳುವುದಕ್ಕಿಂತ, "ಇವತ್ತು ಸಂಜೆ ಹಳೆಯ ಬಾರಿನ ರಸ್ತೆಯಲ್ಲಿ ಬಂದೆ, ಕುಡಿಯಬೇಕು ಅನ್ನಿಸಿತು" ಎಂಬ ಒಂದು ಸಾಲು ಹೆಚ್ಚು ಕಾಪಾಡುತ್ತದೆ. ಇಲ್ಲಿ ಮುಖ್ಯವಾಗಿ ಮದ್ಯದ ವಿಷಯವನ್ನೇ ತೆಗೆದುಕೊಂಡಿದ್ದರೂ, ಗಾಂಜಾ, ನಿದ್ರೆ ಮಾತ್ರೆ, ಆನ್‌ಲೈನ್ ಜೂಜು ಮುಂತಾದವುಗಳಿಂದ ಹೊರಬರುತ್ತಿರುವವರಿಗೂ ಹೆಚ್ಚಿನ ಸಲಹೆಗಳು ಅನ್ವಯಿಸುತ್ತವೆ.

ಮೊದಲ ಸತ್ಯ ವೈದ್ಯರಿಗೆ

ಎಲ್ಲಕ್ಕಿಂತ ಮೊದಲು ಸತ್ಯ ಹೇಳಬೇಕಾದುದು ವೈದ್ಯರ ಮುಂದೆ, ಏಕೆಂದರೆ ಅಲ್ಲಿ ಹೇಳುವ ಸುಳ್ಳು ಜೀವಕ್ಕೆ ಅಪಾಯ ತರಬಹುದು. ಬಹಳ ಕಾಲ ದಿನವೂ ಹೆಚ್ಚು ಕುಡಿದವರು ಏಕಾಏಕಿ ನಿಲ್ಲಿಸಿದಾಗ, ಕೊನೆಯ ಗುಟುಕಿನ ನಂತರ 6ರಿಂದ 24 ಗಂಟೆಗಳೊಳಗೆ ಕೈನಡುಕ, ಬೆವರು, ವಾಕರಿಕೆ, ತಳಮಳ ಶುರುವಾಗುತ್ತವೆ. ಕೆಲವರಿಗೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಇಲ್ಲದ್ದು ಕಾಣುವ, ಸ್ಥಳ ಸಮಯದ ಪರಿವೆ ತಪ್ಪುವ ತೀವ್ರ ಸ್ಥಿತಿ ಉಂಟಾಗುತ್ತದೆ. ಯಾರಿಗೆ ಎಷ್ಟು ಔಷಧಿ ಬೇಕು, ಮನೆಯಲ್ಲಿಯೇ ಬಿಡಿಸಬಹುದೇ ಅಥವಾ ದಾಖಲಿಸಿಕೊಳ್ಳಲೇಬೇಕೇ ಎಂಬುದನ್ನು ವೈದ್ಯರು ನಿರ್ಧರಿಸುವುದು ಬಹುಮಟ್ಟಿಗೆ ನೀವು ಕೊಡುವ ಲೆಕ್ಕದ ಮೇಲೆ. ಕ್ವಾರ್ಟರ್ ಕುಡಿಯುವವರು ನೈಂಟಿ ಎಂದು ಹೇಳಿದರೆ ಔಷಧಿಯ ಪ್ರಮಾಣವೂ ಅಷ್ಟಕ್ಕೇ ನಿಗದಿಯಾಗುತ್ತದೆ.

ಹಾಗಾಗಿ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಹಿಂದಿನ ಏಳು ದಿನಗಳ ಲೆಕ್ಕ ಬರೆದುಕೊಳ್ಳಿ. "ಸ್ವಲ್ಪ", "ಯಾವಾಗಲಾದರೂ ಒಮ್ಮೆ", "ಕಂಪನಿಗೆ ಮಾತ್ರ" ಎಂಬ ಪದಗಳನ್ನು ಬಿಟ್ಟು ಮಿಲಿಲೀಟರ್‌ನಲ್ಲಿ ಬರೆಯಿರಿ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ ಇರುವುದರಿಂದ 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರ ದೇಹಕ್ಕೆ ಹೋಗುತ್ತದೆ. "ನಾನು ಬರೀ ಬಿಯರ್" ಎನ್ನುವವರು ಗಮನಿಸಬೇಕು: ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇರುತ್ತದೆ, ಅಂದರೆ ಅಂಥ ಎರಡು ಬಾಟಲಿ ಒಂದು ಕ್ವಾರ್ಟರನ್ನು ಮೀರಿಸುತ್ತದೆ. ಇದರ ಜೊತೆಗೆ ಕೊನೆಯ ಬಾರಿ ಕುಡಿದ ದಿನ ಮತ್ತು ಹೊತ್ತು, ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವುದಿದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ನಿದ್ರೆ ಮಾತ್ರೆ, ಗಾಂಜಾ, ಗುಟ್ಕಾ ಅಥವಾ ನೋವಿನ ಔಷಧಿಗಳ ಬಳಕೆ ಇದೆಯೇ ಎಂಬುದನ್ನೂ ಬರೆಯಿರಿ. ಸಾಯಬೇಕೆಂಬ ಯೋಚನೆ ಬಂದಿದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆಯಿರಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯನ್ನೇ ವೈದ್ಯರ ಕೈಗೆ ಕೊಡಬಹುದು.

ವಿಷಯ ಹೊರಗೆ ಹೋದೀತೆಂಬ ಭಯ ಅನೇಕರ ಬಾಯಿ ಕಟ್ಟಿಹಾಕುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡು, ಚಿಕಿತ್ಸೆಯ ವಿವರಗಳು ಗೋಪ್ಯವಾಗಿರಬೇಕೆಂಬ ಹಕ್ಕನ್ನು ರೋಗಿಗೆ ಕೊಟ್ಟಿದೆ. ಯಾರ ಜೀವಕ್ಕಾದರೂ ಅಪಾಯವಿರುವಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ವೈದ್ಯರು ಅವನ್ನು ಇತರರಿಗೆ ತಿಳಿಸುವಂತಿಲ್ಲ. ಮಹಿಳೆಯರಿಗೆ ಈ ಭಯ ಇನ್ನೂ ದೊಡ್ಡದು. ಗಂಡಸಿನ ಕುಡಿತವನ್ನು ಸಹಿಸಿಕೊಳ್ಳುವ ಊರು ಹೆಂಗಸಿನ ಕುಡಿತವನ್ನು ಕ್ಷಮಿಸುವುದಿಲ್ಲ. ಅಂಥವರು ಮನೆಯವರನ್ನು ಹೊರಗೆ ಕೂರಿಸಿ ವೈದ್ಯರೊಡನೆ ಒಬ್ಬರೇ ಮಾತನಾಡಬೇಕೆಂದು ಸಂಕೋಚವಿಲ್ಲದೆ ಕೇಳಬಹುದು.

ಪ್ರತಿದಿನ ಯಾರಿಗೆ ಹೇಳುವುದು

ವೈದ್ಯರನ್ನು ತಿಂಗಳಿಗೊಮ್ಮೆ ನೋಡುತ್ತೀರಿ. ಪ್ರತಿದಿನದ ಸತ್ಯಕ್ಕೆ ಬೇರೊಬ್ಬರು ಬೇಕು. 1935ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ನಗರದಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ನಾವು ಎಎ ಎಂದು ಕರೆಯುವ ಕೂಟ, ತನ್ನ ಹನ್ನೆರಡು ಹೆಜ್ಜೆಗಳಲ್ಲಿ ಐದನೆಯದನ್ನು ಇದಕ್ಕಾಗಿಯೇ ಇಟ್ಟಿದೆ: ತನ್ನ ತಪ್ಪುಗಳನ್ನು ದೇವರ ಮುಂದೆ ಮತ್ತು ತನ್ನೊಳಗೆ ಒಪ್ಪಿಕೊಂಡರೆ ಸಾಲದು, ಇನ್ನೊಬ್ಬ ಮನುಷ್ಯನ ಮುಂದೆಯೂ ಹೇಳಬೇಕು. ಮನಸ್ಸಿನೊಳಗೆ ಮಾಡಿಕೊಂಡ ಒಪ್ಪಿಗೆಯನ್ನು ಮರುದಿನ ಬೆಳಿಗ್ಗೆ ನಾವೇ ತಿದ್ದಿಬಿಡಬಹುದು, ಇನ್ನೊಬ್ಬರ ಕಿವಿಗೆ ಬಿದ್ದ ಮಾತನ್ನು ಹಾಗೆ ತಿದ್ದಲಾಗದು.

ಆ ವ್ಯಕ್ತಿ ಎಎ ಮೀಟಿಂಗಿನಲ್ಲಿ ಸಿಗುವ ಹಿರಿಯ ಸದಸ್ಯರಾಗಬಹುದು, ಅವರನ್ನು ಅಲ್ಲಿ ಸ್ಪಾನ್ಸರ್ ಎನ್ನುತ್ತಾರೆ. ಆಪ್ತಸಮಾಲೋಚಕರಾಗಬಹುದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಶಿಬಿರಗಳಲ್ಲಿ ಕುಡಿತ ಬಿಟ್ಟವರಿಗೆ ನವಜೀವನ ಸಮಿತಿಯ ಸಂಗಾತಿಗಳಿರುತ್ತಾರೆ. ಇವು ಯಾವುವೂ ಹತ್ತಿರದಲ್ಲಿಲ್ಲದಿದ್ದರೆ ಕುಡಿಯದ, ಬಾಯಿ ಹಗುರವಲ್ಲದ, ನಿಮಗೆ ಹಣ ಕೊಡಬೇಕಾದ ಅಥವಾ ನಿಮ್ಮಿಂದ ಹಣ ಬರಬೇಕಾದ ಸಂಬಂಧವಿಲ್ಲದ ಒಬ್ಬ ಸ್ನೇಹಿತರೋ ಅಣ್ಣನೋ ಸಾಕು. ಹೆಂಡತಿ ಅಥವಾ ಗಂಡನೊಬ್ಬರನ್ನೇ ಈ ಸ್ಥಾನದಲ್ಲಿ ಕೂರಿಸಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಕುಡಿತದಿಂದ ಅತಿ ಹೆಚ್ಚು ನೊಂದವರು ನಿಮ್ಮ ಪ್ರತಿದಿನದ ಆಸೆ, ಅಳುಕುಗಳನ್ನು ತಣ್ಣಗೆ ಕೇಳಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ಅವರ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಅವರಿಗೆ ಹೇಳಬೇಕಾದ ಸತ್ಯ ಇದೆ, ಅದು ಹಣ ಮತ್ತು ಸುರಕ್ಷತೆಗೆ ಸಂಬಂಧಿಸಿದ್ದು. ಅದನ್ನು ಮುಂದೆ ನೋಡೋಣ.

ರಾತ್ರಿಯ ನಾಲ್ಕೈದು ಸಾಲು

ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಮಲಗುವ ಮುಂಚೆ ಅಂದಿನ ಸಂಗತಿಗಳನ್ನು ಬರೆಯಿರಿ. ಎಎ ಕೂಟದ ಹತ್ತನೆಯ ಹೆಜ್ಜೆಯೂ ಇಂಥ ಪ್ರತಿದಿನದ ಆತ್ಮಪರಿಶೀಲನೆಯನ್ನೇ ಹೇಳುತ್ತದೆ. ಬರೆಯುವಾಗ "ನಾನು ಕೆಟ್ಟವನು", "ನನ್ನಿಂದ ಯಾರಿಗೂ ಸುಖವಿಲ್ಲ" ಎಂಬಂಥ ತೀರ್ಪುಗಳಿಗೆ ಜಾಗ ಕೊಡಬೇಡಿ, ಅವು ಸತ್ಯದಂತೆ ಕಂಡರೂ ನಡೆದುದೇನೆಂಬುದನ್ನು ಮುಚ್ಚಿಡುತ್ತವೆ. ನಡೆದದ್ದನ್ನಷ್ಟೇ ಬರೆಯಿರಿ: "ಸಂಜೆ 6ಕ್ಕೆ ಕೆಲಸ ಬಿಟ್ಟೆ. ಬಸ್‌ಸ್ಟ್ಯಾಂಡ್ ಹತ್ತಿರ ಹಳೆಯ ಗೆಳೆಯ ಸಿಕ್ಕಿದ, ಹದಿನೈದು ನಿಮಿಷ ನಿಂತೆ. ಮನೆಯಲ್ಲಿ ಬಸ್ ತಡವಾಯಿತು ಎಂದೆ, ಅದು ಸುಳ್ಳು. ಮಾತ್ರೆ ತೆಗೆದುಕೊಂಡೆ." ಈ ನಾಲ್ಕು ಸಾಲುಗಳಲ್ಲಿ ಮೂರನೆಯದು ಅತ್ಯಂತ ಬೆಲೆಯುಳ್ಳದ್ದು. ಕುಡಿತಕ್ಕೆ ಸಂಬಂಧವೇ ಇಲ್ಲದ, ಯಾರಿಗೂ ನಷ್ಟ ತರದ ಇಂಥ ಸುಳ್ಳನ್ನು ಗುರುತಿಸಿ ಬರೆದವರು, ಮುಂದೆ ದೊಡ್ಡ ಸುಳ್ಳು ಬಾಯಿಗೆ ಬಂದಾಗ ಅದನ್ನು ತಡೆದು ನಿಲ್ಲಿಸುವಷ್ಟು ಎಚ್ಚರವನ್ನು ನಿಧಾನವಾಗಿ ಗಳಿಸಿಕೊಳ್ಳುತ್ತಾರೆ. ಮರುದಿನ ಸಾಧ್ಯವಾದರೆ ಆ ಸುಳ್ಳನ್ನು ಸರಿಪಡಿಸಿ: "ನಿನ್ನೆ ಬಸ್ ತಡವಾಗಿರಲಿಲ್ಲ, ದಾರಿಯಲ್ಲಿ ಗೆಳೆಯನ ಜೊತೆ ನಿಂತಿದ್ದೆ" ಎಂದರೆ ಮುಗಿಯಿತು, ವಿವರಣೆ ಬೇಡ.

ಬರೆಯಲು ಬಾರದವರು ಅಥವಾ ಬರೆದದ್ದು ಯಾರ ಕೈಗಾದರೂ ಸಿಕ್ಕೀತೆಂದು ಅಂಜುವವರು ಅದನ್ನೇ ರಾತ್ರಿ ಫೋನಿನಲ್ಲಿ ಹೇಳಬಹುದು.

ಹಣದ ಲೆಕ್ಕ

ಕುಡಿತದ ಸುಳ್ಳುಗಳಲ್ಲಿ ಹೆಚ್ಚಿನವು ಹಣದ ಸುತ್ತ ಹೆಣೆದವು, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಮೊದಲು ಸಾಲದ ಪಟ್ಟಿ ಮಾಡಿ: ಕೈಸಾಲ, ಬಡ್ಡಿ ಸಾಲ, ಸಂಘದ ಸಾಲ, ಚೀಟಿಯ ಬಾಕಿ, ಅಂಗಡಿಯ ಉದ್ರಿ, ಗಿರವಿ ಇಟ್ಟ ಒಡವೆ, ಮೊಬೈಲ್ ಆ್ಯಪ್‌ನಲ್ಲಿ ತೆಗೆದ ಸಾಲ. ಪ್ರತಿಯೊಂದರ ಮುಂದೆ ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವಾಗ ಕೊಡುತ್ತೇನೆಂದು ಹೇಳಿದ್ದೆ ಎಂದು ಬರೆಯಿರಿ. ಮನೆಯವರು "ಒಟ್ಟು ಎಷ್ಟು?" ಎಂದು ಕೇಳಿದಾಗ ಅರ್ಧ ಮಾತ್ರ ಹೇಳಿ, ಉಳಿದದ್ದನ್ನು ಹೇಗೋ ತೀರಿಸಿಕೊಳ್ಳೋಣವೆಂದು ಮನಸ್ಸು ಹೇಳುತ್ತದೆ. ಆ ಉಳಿದ ಅರ್ಧವೇ ಮುಂದೆ ಸಾಲ ಕೊಟ್ಟವರು ಬಾಗಿಲು ತಟ್ಟಿದ ದಿನ ಬಾರಿನ ದಾರಿ ಹಿಡಿಸುತ್ತದೆ, ಮತ್ತು ಎರಡನೆಯ ಬಾರಿ ಮೋಸ ಹೋದವರು ಮೊದಲ ಬಾರಿ ಹೇಳಿದ ಸತ್ಯವನ್ನೂ ನಂಬುವುದಿಲ್ಲ. ಪಟ್ಟಿ ಪೂರ್ಣವಾಗುವವರೆಗೆ ತೋರಿಸಬೇಡಿ, ಪೂರ್ಣವಾದ ಮೇಲೆ ತಡಮಾಡಬೇಡಿ. ಆಪ್ತಸಮಾಲೋಚಕರ ಎದುರಿನಲ್ಲಿ, ಹಗಲು ಹೊತ್ತಿನಲ್ಲಿ, ಮಕ್ಕಳು ಇಲ್ಲದಾಗ ತೋರಿಸುವುದು ಒಳ್ಳೆಯದು.

ಆಮೇಲೆ ಬರುವ ಹಣದ ವ್ಯವಸ್ಥೆ. ಸಂಬಳ ಬ್ಯಾಂಕಿಗೆ ಬರುವವರು ವಾರಕ್ಕೊಮ್ಮೆ ಯುಪಿಐ ಪಾವತಿಗಳ ಪಟ್ಟಿಯನ್ನು ಮನೆಯವರೊಡನೆ ಕೂತು ನೋಡಬಹುದು. ಅವರು ಕೇಳುವ ಮೊದಲೇ ನೀವೇ ತೆರೆದು ತೋರಿಸುವುದರಲ್ಲಿ ಬಹಳ ವ್ಯತ್ಯಾಸವಿದೆ. ಶನಿವಾರ ಬಟವಾಡೆಯಾಗುವ ಕೂಲಿ, ಗಾರೆ ಕೆಲಸದವರಿಗೆ ನಗದು ಕೈಗೆ ಬರುವ ಆ ಒಂದು ಗಂಟೆಯೇ ಕಷ್ಟದ ಗಂಟೆ. ಮೇಸ್ತ್ರಿಗೆ ಹೇಳಿ ಹಣವನ್ನು ಖಾತೆಗೆ ಹಾಕಿಸಿಕೊಳ್ಳುವುದು, ಅದಾಗದಿದ್ದರೆ ಬಟವಾಡೆಯ ಹೊತ್ತಿಗೆ ಮನೆಯವರಲ್ಲೊಬ್ಬರು ಅಲ್ಲಿಗೆ ಬರುವಂತೆ ನೀವೇ ಕೇಳಿಕೊಳ್ಳುವುದು ಉಪಯುಕ್ತ. ಹಣವನ್ನು ಪೂರ್ತಿಯಾಗಿ ಮನೆಯವರ ಕೈಗೆ ಒಪ್ಪಿಸುವುದಾದರೆ ಅದಕ್ಕೊಂದು ಅವಧಿ ಗೊತ್ತುಮಾಡಿ, ಮೂರು ತಿಂಗಳೋ ಆರು ತಿಂಗಳೋ ಎಂದು ಮೊದಲೇ ಮಾತನಾಡಿಕೊಳ್ಳಿ. ಅವಧಿಯಿಲ್ಲದ ಏರ್ಪಾಡು ಕಾಲಕ್ರಮೇಣ ಕಾವಲಾಗಿ ಮಾರ್ಪಟ್ಟು, ದಿನಕ್ಕೆ ಐವತ್ತು ರೂಪಾಯಿಗಾಗಿ ಮತ್ತೆ ಸುಳ್ಳು ಹೇಳುವ ಸ್ಥಿತಿಗೆ ತಂದಿಡುತ್ತದೆ.

ಆಣೆ ಏಕೆ ಬೇಡ

ಮಗುವಿನ ತಲೆ ಮುಟ್ಟಿ, ದೀಪ ಮುಟ್ಟಿ, ಮನೆದೇವರ ಹೆಸರು ಹಿಡಿದು "ಇನ್ನು ಮುಟ್ಟುವುದಿಲ್ಲ" ಎಂದು ಆಣೆ ಮಾಡಿಸುವುದು ನಮ್ಮಲ್ಲಿ ಸಾಮಾನ್ಯ. ಮಾಡಿಸುವವರ ನೋವು ನಿಜವಾದದ್ದು, ಮಾಡುವವರ ಮನಸ್ಸೂ ಆ ಗಳಿಗೆಯಲ್ಲಿ ನಿಜವಾಗಿಯೇ ಇರುತ್ತದೆ. ಆದರೂ ಆಣೆ ಈ ಕಾಯಿಲೆಗೆ ಹೊಂದುವುದಿಲ್ಲ. ಚೇತರಿಕೆಯ ದಾರಿಯಲ್ಲಿ ಒಮ್ಮೆ ಮತ್ತೆ ಕುಡಿಯುವುದು ಅಪರೂಪದ ಘಟನೆಯೇನಲ್ಲ, ಅದಾದಾಗ ತಕ್ಷಣ ಹೇಳಿಕೊಂಡರೆ ಚಿಕಿತ್ಸೆಯನ್ನು ಸರಿಪಡಿಸಿಕೊಂಡು ಮುಂದುವರಿಯಬಹುದು. ಆಣೆ ಮಾಡಿದವರಿಗಾದರೋ ಒಂದು ಲೋಟ ಕುಡಿದದ್ದು ಮಗುವಿನ ಪ್ರಾಣಕ್ಕೆ ಕುತ್ತು ತಂದಂತೆ, ದೇವರಿಗೆ ದ್ರೋಹ ಬಗೆದಂತೆ ಅನ್ನಿಸುತ್ತದೆ. ಅಷ್ಟು ದೊಡ್ಡ ತಪ್ಪನ್ನು ಯಾರ ಮುಂದೆ ಒಪ್ಪಿಕೊಳ್ಳುವುದು? ಆದ್ದರಿಂದ ಬಚ್ಚಿಡುತ್ತಾರೆ, ಬಚ್ಚಿಟ್ಟ ಸಂಕಟಕ್ಕೆ ಇನ್ನಷ್ಟು ಕುಡಿಯುತ್ತಾರೆ. ಮನೆಯವರು ಕೇಳಬೇಕಾದ ಮಾತು ಬೇರೆ: "ಕುಡಿದರೆ ಅಂದೇ ನನಗೆ ಹೇಳು." ನೀವು ಕೊಡಬೇಕಾದ ಮಾತೂ ಅಷ್ಟೇ.

ಈಗಾಗಲೇ ಆಣೆ ಮಾಡಿ ಮುರಿದಿದ್ದರೆ, ನಂಬಿಕೆಯುಳ್ಳವರು ಆ ದೇವರಿಗೇ ತಪ್ಪುಕಾಣಿಕೆ ಹಾಕಿ ಮನಸ್ಸು ಹಗುರ ಮಾಡಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆ ನಂತರ ವೈದ್ಯರ ಬಳಿಗೂ ಹೋಗಬೇಕು.

ಕುಡಿಯುವುದಕ್ಕೆ ಮುಂಚಿನ ಸುಳ್ಳು

ಮತ್ತೆ ಕುಡಿಯುವುದು ಲೋಟ ಎತ್ತಿದಾಗ ಶುರುವಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಇದನ್ನು ವಿವರವಾಗಿ ತೋರಿಸಿಕೊಟ್ಟರು: ಮೇಲ್ನೋಟಕ್ಕೆ ಕುಡಿತಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಕಾಣುವ ಸಣ್ಣ ಸಣ್ಣ ನಿರ್ಧಾರಗಳು ಒಂದರ ಹಿಂದೊಂದು ಸೇರಿ ವ್ಯಕ್ತಿಯನ್ನು ಅಪಾಯದ ಜಾಗಕ್ಕೆ ತಂದು ನಿಲ್ಲಿಸುತ್ತವೆ. ಗೆಳೆಯನಿಗೆ ಕೊಡಬೇಕಾದ ಹಣವನ್ನು ಫೋನಿನಲ್ಲಿ ಕಳಿಸದೆ ಕೈಯಲ್ಲೇ ಕೊಡಲು ಹೊರಡುವುದು, ತೋಟದ ಮನೆಗೆ ಒಬ್ಬರೇ ರಾತ್ರಿ ಉಳಿಯಲು ಹೋಗುವುದು, ಬೀಗರ ಬಾಡೂಟಕ್ಕೆ ಮನೆಯವರು ಬರಲಾಗದ ದಿನವೇ ಹೋಗುವುದು, "ನೆಂಟರು ಬಂದರೆ ಬೇಕಾಗುತ್ತದೆ" ಎಂದು ಒಂದು ಬಾಟಲಿಯನ್ನು ಬೀರುವಿನಲ್ಲಿ ಉಳಿಸಿಕೊಳ್ಳುವುದು, ಇವೆಲ್ಲ ಅಂಥವು. ಪ್ರತಿಯೊಂದಕ್ಕೂ ಒಪ್ಪುವಂಥ ಕಾರಣವಿರುತ್ತದೆ, ಆ ಕಾರಣವನ್ನು ನಾವು ಮೊದಲು ಒಪ್ಪಿಸುವುದು ನಮಗೇ. ಆದ್ದರಿಂದ ಒಂದು ನಿರ್ಧಾರದ ಬಗ್ಗೆ ಯಾರಿಗೂ ಹೇಳದಿರುವುದೇ ಲೇಸೆಂದು ಮನಸ್ಸು ಸೂಚಿಸಿದರೆ, ಅದನ್ನೇ ಮೊದಲು ಹೇಳಬೇಕಾದ ಸಂಗತಿಯೆಂದು ತಿಳಿಯಿರಿ. ಹೊರಡುವ ಮುಂಚೆ ಒಂದು ಫೋನ್ ಮಾಡಿ, ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ತಿಳಿಸಿ. ಕುಡಿಯಬೇಕೆಂಬ ಬಯಕೆ ಬಂದಾಗಲೂ ಹೀಗೆಯೇ. ಆ ಬಯಕೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ, ಆ ಅರ್ಧ ಗಂಟೆ ಯಾರೊಡನಾದರೂ ಅದರ ಬಗ್ಗೆಯೇ ಮಾತನಾಡುತ್ತಾ ಇರಬೇಕು.

ಕುಡಿದುಬಿಟ್ಟರೆ

ಅಂದೇ ಹೇಳಿ. ಎಷ್ಟು, ಯಾವಾಗ, ಎಲ್ಲಿ, ಯಾರ ಜೊತೆ ಎಂಬಷ್ಟನ್ನು ಹೇಳಿ, ಏಕೆ ಎಂಬುದನ್ನು ಮರುದಿನಕ್ಕೆ ಬಿಡಿ, ಏಕೆಂದರೆ ಕುಡಿದ ರಾತ್ರಿ ಹೇಳುವ ಕಾರಣಗಳಲ್ಲಿ ಬೇರೆಯವರ ತಪ್ಪುಗಳೇ ಹೆಚ್ಚಿರುತ್ತವೆ. "ಹೇಗೂ ಕೆಟ್ಟೆ, ಇನ್ನೇನು" ಎಂಬ ಹತಾಶೆ ಒಂದು ಲೋಟವನ್ನು ಒಂದು ತಿಂಗಳ ಕುಡಿತವಾಗಿಸುತ್ತದೆ, ಬೇಗ ಹೇಳಿಕೊಂಡರೆ ಆ ಹತಾಶೆಗೆ ಸಮಯ ಸಿಗುವುದಿಲ್ಲ.

ವೈದ್ಯಕೀಯವಾಗಿಯೂ ಇದು ತುರ್ತಿನ ವಿಷಯ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿರುವವರು ಕುಡಿದರೆ ಮುಖ ಕೆಂಪೇರುವುದು, ವಾಂತಿ, ಎದೆಬಡಿತ, ಉಸಿರಾಟದ ತೊಂದರೆ, ರಕ್ತದೊತ್ತಡದ ಕುಸಿತ ಉಂಟಾಗಿ ಪ್ರಾಣಾಪಾಯವೂ ಆಗಬಹುದು. ಮಾತ್ರೆ ನಿಲ್ಲಿಸಿ ಎರಡು ವಾರಗಳವರೆಗೂ ಈ ಅಪಾಯವಿರುತ್ತದೆ. ಕೂಡಲೇ ಆಸ್ಪತ್ರೆಗೆ ಹೋಗಿ, ಆ ಮಾತ್ರೆಯ ಹೆಸರನ್ನು ಹೇಳಿ. ಹಲವು ದಿನ ಸತತವಾಗಿ ಕುಡಿದಿದ್ದರೆ ಮತ್ತೆ ಮನೆಯಲ್ಲಿಯೇ ದಿಢೀರನೆ ನಿಲ್ಲಿಸದೆ ವೈದ್ಯರನ್ನು ಕಾಣಿ. ಹೆರಾಯಿನ್‌ನಂಥ ಅಫೀಮು ವರ್ಗದ ವಸ್ತುಗಳನ್ನು ಬಿಟ್ಟವರು ಇನ್ನೂ ಎಚ್ಚರವಾಗಿರಬೇಕು, ಬಿಟ್ಟ ಕೆಲವು ವಾರಗಳಲ್ಲಿ ದೇಹದ ತಾಳಿಕೆ ಕುಗ್ಗಿರುವುದರಿಂದ ಹಿಂದಿನ ಪ್ರಮಾಣವೇ ಉಸಿರು ನಿಲ್ಲಿಸಬಲ್ಲದು.

ಹಳೆಯ ಸುಳ್ಳುಗಳನ್ನು ಏನು ಮಾಡುವುದು

ಮೊದಲ ಕೆಲವು ವಾರಗಳಲ್ಲಿ ಎಲ್ಲವನ್ನೂ ಎಲ್ಲರಿಗೂ ಹೇಳಿಬಿಡಬೇಕೆಂಬ ಆವೇಶ ಬರುತ್ತದೆ. ತಾಳಿಕೊಳ್ಳಿ. ಎಎ ಕೂಟದ ಒಂಬತ್ತನೆಯ ಹೆಜ್ಜೆ ನೊಂದವರಿಗೆ ನೇರವಾಗಿ ಪರಿಹಾರ ಮಾಡಬೇಕೆಂದು ಹೇಳುತ್ತಲೇ, ಹಾಗೆ ಮಾಡುವುದರಿಂದ ಅವರಿಗೋ ಇತರರಿಗೋ ಹಾನಿಯಾಗುವಂತಿದ್ದರೆ ಮಾಡಬಾರದೆಂದೂ ಹೇಳುತ್ತದೆ. ನಿಮ್ಮ ಮನಸ್ಸು ಹಗುರವಾಗಲೆಂದು ಇನ್ನೊಬ್ಬರ ಮೇಲೆ ಭಾರ ಇಳಿಸುವ ಒಪ್ಪಿಗೆಯನ್ನು ಮೊದಲು ಆಪ್ತಸಮಾಲೋಚಕರೊಡನೆ ಚರ್ಚಿಸಬೇಕು. ಇದಕ್ಕೆ ಒಂದು ಹೊರತಿದೆ: ಮುಚ್ಚಿಟ್ಟರೆ ಇನ್ನೊಬ್ಬರ ಆರೋಗ್ಯಕ್ಕೆ, ಸುರಕ್ಷತೆಗೆ ಅಥವಾ ಮನೆಯ ಜಮೀನು, ಒಡವೆಗಳಿಗೆ ಅಪಾಯವಿರುವ ವಿಷಯವನ್ನು ಕಾಯಿಸಬಾರದು.

ಕುಡಿದು ಹೆಂಡತಿ ಮಕ್ಕಳಿಗೆ ಹೊಡೆದವರು ವಿಶೇಷವಾಗಿ ಅರಿಯಬೇಕಾದದ್ದು, ತಪ್ಪೊಪ್ಪಿಕೊಂಡ ಮಾತ್ರಕ್ಕೆ ಕ್ಷಮೆ ಕೇಳಿ ಪಡೆಯುವ ಹಕ್ಕು ಹುಟ್ಟುವುದಿಲ್ಲ. "ನಾನು ಹೊಡೆದೆ, ಅದು ಕುಡಿತದ ತಪ್ಪಲ್ಲ, ನನ್ನ ತಪ್ಪು" ಎಂದು ಹೇಳಿ ಅಲ್ಲಿಗೆ ನಿಲ್ಲಿಸಬೇಕು. ಅವರು ತವರಿನಲ್ಲಿ ಉಳಿಯಬಯಸಿದರೆ ಉಳಿಯಲಿ, ಮಾತನಾಡದಿದ್ದರೆ ಮಾತನಾಡದಿರಲಿ.

ಮನೆಯವರಿಗೆ

ಸತ್ಯ ಹೇಳಿದ ದಿನ ಸುಳ್ಳು ಹೇಳಿದ ದಿನಕ್ಕಿಂತ ಹೆಚ್ಚು ಬೈಗುಳ ಸಿಕ್ಕರೆ ಯಾರೂ ಎರಡನೆಯ ಸಲ ಸತ್ಯ ಹೇಳುವುದಿಲ್ಲ. ಕೋಪ ಬರುವುದು ಸಹಜ, ಅದನ್ನು ಅಡಗಿಸಿಕೊಳ್ಳಬೇಕೆಂದೂ ಇಲ್ಲ. "ಹೇಳಿದ್ದು ಒಳ್ಳೆಯದಾಯಿತು, ಈಗ ನನಗೆ ಮಾತನಾಡಲು ಆಗುತ್ತಿಲ್ಲ, ನಾಳೆ ಮಾತನಾಡೋಣ" ಎಂದರೂ ಸಾಕು. ನೀವೂ ಅವರ ಪರವಾಗಿ ಸುಳ್ಳು ಹೇಳುವುದನ್ನು ನಿಲ್ಲಿಸಬೇಕು. ಕುಡಿದು ಮಲಗಿದವರಿಗೆ ಜ್ವರವೆಂದು ಕೆಲಸದ ಜಾಗಕ್ಕೆ ಫೋನ್ ಮಾಡುವುದು ಆ ದಿನದ ಮರ್ಯಾದೆ ಉಳಿಸಿದರೂ ಚಟಕ್ಕೆ ರಕ್ಷಣೆ ಕೊಡುತ್ತದೆ.

ಕುಡಿತ ಬಿಡಿಸುವ ಪುಡಿ ಅಥವಾ ಮಾತ್ರೆಯನ್ನು ಗೊತ್ತಾಗದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವುದು ದಯವಿಟ್ಟು ಬೇಡ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಅರಿವಿಲ್ಲದೆ ಕುಡಿದ ವ್ಯಕ್ತಿ ಸಾಯಬಹುದು. ಆ ಔಷಧಿಯನ್ನು ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ವೈದ್ಯರ ನಿಗಾದಲ್ಲಿಯೇ ಕೊಡಬೇಕು. ರಕ್ತ ಪರೀಕ್ಷೆಯಲ್ಲಿ ಜಿಜಿಟಿ ಎಂಬ, ಯಕೃತ್ತಿನ (ಲಿವರ್‌ನ) ಸ್ಥಿತಿ ತಿಳಿಸುವ ಕಿಣ್ವದ ಪ್ರಮಾಣ ಹೆಚ್ಚಿದ್ದ ಮಾತ್ರಕ್ಕೆ ಕದ್ದು ಕುಡಿಯುತ್ತಿದ್ದಾರೆಂದು ತೀರ್ಮಾನಿಸಬೇಡಿ. ಬಿಟ್ಟ ಮೇಲೂ ಅದು ಇಳಿಯಲು ವಾರಗಳು ಬೇಕು, ಬೇರೆ ಕಾರಣಗಳಿಂದಲೂ ಏರುತ್ತದೆ.

ಊರಿನವರಿಗೆ ಎಷ್ಟು

ಪ್ರಾಮಾಣಿಕತೆ ಎಂದರೆ ಕೇಳಿದವರಿಗೆಲ್ಲ ಮನೆಯ ಕಥೆ ಹೇಳುವುದಲ್ಲ. ಮದುವೆಯ ಮನೆಯಲ್ಲಿ ಲೋಟ ಮುಂದೆ ಚಾಚಿದವರಿಗೆ "ನಾನು ಬಿಟ್ಟಿದ್ದೇನೆ" ಅಥವಾ "ಡಾಕ್ಟರು ಬೇಡ ಅಂದಿದ್ದಾರೆ" ಎಂದರೆ ಅದು ಪೂರ್ಣ ಸತ್ಯವೇ. ಹರಕೆ, ವ್ರತ ಎಂದು ಇಲ್ಲದ ನೆಪ ಹೇಳಿದರೆ ಮುಂದಿನ ತಿಂಗಳು ಅದೇ ಜನ "ವ್ರತ ಮುಗಿಯಿತಲ್ಲ" ಎಂದು ಮತ್ತೆ ಬರುತ್ತಾರೆ. ಕಚೇರಿಯ ರಜೆ ಅರ್ಜಿಯಲ್ಲಿ ವೈದ್ಯಕೀಯ ಚಿಕಿತ್ಸೆ ಎಂದಷ್ಟೇ ಬರೆಯಬಹುದು.

ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಟೆಲಿ ಮನಸ್ ಸಹಾಯವಾಣಿ 14416, ಎರಡೂ ಉಚಿತ. ಕರೆ ಮಾಡಿದಾಗ ಎಲ್ಲಿಂದ ಶುರುಮಾಡುವುದೆಂದು ತೋಚದಿದ್ದರೆ, ನಿನ್ನೆ ಎಷ್ಟು ಕುಡಿದಿರಿ ಮತ್ತು ಕೊನೆಯ ಗುಟುಕು ಎಷ್ಟು ಹೊತ್ತಿಗೆ ಎಂಬುದನ್ನು ಹೇಳಿ. ಉಳಿದದ್ದನ್ನು ಅವರು ಕೇಳುತ್ತಾ ಹೋಗುತ್ತಾರೆ.